ಹದಿನಾಲ್ಕನೇ ನಂಬರಿನ ಯೋಧ

ಅರ್ಜಿಯಲ್ಲಿ ಹದಿನಾರು ಎಂದು ಬರೆಯಬೇಕಾದ ಕಡೆ ಹಿಲ್ಮಾ ರುವೋನಾ ಹದಿನಾಲ್ಕು ಎಂದು ಬರೆದಳು. ಅದರಲ್ಲಿ ಕುತಂತ್ರವೇನೂ ಇರಲಿಲ್ಲ. ನಲವತ್ತೆರಡು ವರ್ಷ ಹದಿನಾಲ್ಕನೇ ನಂಬರಿನ ಮನೆಯಲ್ಲಿ ಬಾಳಿದ ಕೈ ಅದು. ಮನೆ ನಂಬರು ಎಂಬ ಖಾಲಿ ಜಾಗ ಕಂಡ ಕೂಡಲೇ, ಗಾಣದ ಎತ್ತು ತನ್ನ ಜಾಡು ಹಿಡಿಯುವಂತೆ, ತಾನಾಗಿಯೇ ಹದಿನಾಲ್ಕು ಎಂದು ಬರೆದು ಮುಂದಿನ ಸಾಲಿಗೆ ಹೋಯಿತು.

ಅರ್ಜಿ ಅವಳದಲ್ಲ, ಪಕ್ಕದ ಮನೆಯ ಆರ್ವೊ ನಿಸ್ಕಲನದು. ಹಾಗೆಂದು ಆರ್ವೊ ಅರ್ಜಿ ಹಾಕು ಎಂದು ಯಾರನ್ನೂ ಕೇಳಿರಲಿಲ್ಲ.

ಆರ್ವೊಗೆ ಎಪ್ಪತ್ತಾರು ವರ್ಷ. ಪ್ರಾಯದಲ್ಲಿ ಎರಡು ವರ್ಷ ಸೈನ್ಯದಲ್ಲಿದ್ದು ವಿಯೆಟ್ನಾಮಿಗೆ ಹೋಗಿ ಬಂದವನು. ಆಮೇಲೆ ಮಿಶಿಗನ್ನಿನ ಆ ಉತ್ತರದ ಮೂಲೆಯಲ್ಲಿ ಮೂವತ್ತು ವರ್ಷ ರಸ್ತೆಯ ಹಿಮ ತಳ್ಳುವ ಲಾರಿ ಓಡಿಸಿದವನು. ಮದುವೆಯಾಗಿರಲಿಲ್ಲ. ಎರಡೂ ಮಂಡಿ ಸವೆದು ಏಣಿ ಹತ್ತುವುದು ನಿಂತ ಮೇಲೆ ಅವನ ಮನೆಯ ಚಾವಣಿ ತನ್ನ ಪಾಡಿಗೆ ತಾನು ಹಾಳಾಗತೊಡಗಿತ್ತು. ಅಡಿಗೆಮನೆಯಲ್ಲಿ ಎರಡು ಬಕೆಟ್ಟು, ಮಲಗುವ ಕೋಣೆಯಲ್ಲಿ ಒಂದು ಬೋಗುಣಿ, ಮೇಲೆ ಒಂದು ನೀಲಿ ಟಾರ್ಪಾಲು. ಎರಡು ಬೇಸಿಗೆಯಿಂದ, ಕೈಯಲ್ಲಿ ಒಂದಿಷ್ಟು ಮಿಕ್ಕಾಗಲೆಲ್ಲ ಒಂದೊಂದೇ ಪ್ಲೈವುಡ್ ಹಲಗೆ ತಂದು ಹಿತ್ತಿಲಲ್ಲಿ ಪೇರಿಸಿ ಮುಚ್ಚಿಟ್ಟಿದ್ದ. ಹದಿನೆಂಟು ಆಗಿದ್ದವು. ಇಪ್ಪತ್ತಾದರೆ ಯಾರನ್ನಾದರೂ ಕರೆದು ಹೊದಿಸಿದರಾಯಿತು ಎಂದುಕೊಂಡಿದ್ದ.

ಅವನ ತಪ್ಪು ಒಂದೇ. ಬೇಸಿಗೆಯಲ್ಲಿ ಒಂದು ದಿನ ಕಾಫಿ ಕುಡಿಯುತ್ತಾ, "ಅಡಿಗೆಮನೇಲಿ ಒಂಚೂರು ಸೋರ್ತಿದೆ" ಎಂದುಬಿಟ್ಟಿದ್ದ. ಆ ಬೀದಿಯ ಹೆಸರು ಕಿವಿ ಬೀದಿ. ತಾಮ್ರದ ಗಣಿ ಅಗೆಯಲು ಫಿನ್ಲೆಂಡಿನಿಂದ ಬಂದ ಅಜ್ಜಂದಿರ ಮಾತಿನಲ್ಲಿ ಕಿವಿ ಎಂದರೆ ಕಲ್ಲು. ಆದರೆ ಅಲ್ಲಿನವರ ಗುಣ ನೋಡಿದರೆ ನಮ್ಮ ಅರ್ಥವೇ ಸರಿ ಎನ್ನಿಸುತ್ತದೆ. ಸಂಜೆಯೊಳಗೆ ಎದುರುಮನೆಯ ಎಮಿಲ್, "ಆರ್ವೊನ ಮನೆಯಲ್ಲಿ ಮೀನು ಸಾಕಬಹುದಂತೆ" ಎಂದು ಸುದ್ದಿ ಹಬ್ಬಿಸಿದ್ದ. ವಾರದೊಳಗೆ ಹಿಲ್ಮಾ 'ಯೋಧರ ಸೂರು' ಎಂಬ ಧರ್ಮಸಂಸ್ಥೆಗೆ ಅರ್ಜಿ ಕಳಿಸಿದ್ದಳು. ಬಡ ಮಾಜಿ ಸೈನಿಕರ ಮನೆಗಳನ್ನು ಒಂದೇ ದಿನದಲ್ಲಿ, ಬಿಟ್ಟಿಯಾಗಿ, ರಿಪೇರಿ ಮಾಡಿಕೊಡುವ ಸಂಸ್ಥೆ ಅದು. ಕಚೇರಿ ಇನ್ನೂರು ಮೈಲಿ ದೂರ. ಅಲ್ಲಿಂದ ಯಾರೂ ನೋಡಲು ಬರಲಿಲ್ಲ. ಆಕಾಶದಿಂದ ತೆಗೆದ ಚಿತ್ರ ನೋಡಿ ಚಾವಣಿಯ ಅಳತೆ ಹಿಡಿದರು, ಬೀದಿಯ ಚಿತ್ರ ನೋಡಿ ಕಿಟಕಿಗಳನ್ನು ಎಣಿಸಿದರು, ಅಂಕಿಅಂಶ ಕೇಳುವುದಿದ್ದರೆ ಹಿಲ್ಮಾಗೆ ಫೋನು ಮಾಡಿದರು. ಸೆಪ್ಟೆಂಬರಿನ ಮೂರನೇ ಶನಿವಾರ ಬರುತ್ತೇವೆ ಎಂದರು. ಹಿಲ್ಮಾ ಅದನ್ನು ಆರ್ವೊಗೂ ಹೇಳಿದ್ದಳು.

ಆ ಶನಿವಾರ ಬೆಳಿಗ್ಗೆ ಆರೂವರೆಗೆ ಮರ ಸೀಳುವ ಸದ್ದಿಗೆ ಆರ್ವೊ ಎದ್ದ. ಕಿಟಕಿಯಿಂದ ನೋಡಿದ. ಬೀದಿಯ ಉದ್ದಕ್ಕೂ ಲಾರಿಗಳು. ಹಳದಿ ಅಂಗಿ ತೊಟ್ಟ ನಲವತ್ತು ಜನ, ಜೋಳದ ಹೊಲಕ್ಕೆ ನುಗ್ಗಿದ ಗಿಳಿಗಳಂತೆ, ಹಿಲ್ಮಾಳ ಮನೆಯ ಮೇಲೆ ಹತ್ತಿ ಕೂತಿದ್ದರು. ಬಾಗಿಲು ಬಡಿದ ಸದ್ದಾಯಿತು. ಹಿಲ್ಮಾ ರಾತ್ರಿಯ ನಿಲುವಂಗಿಯ ಮೇಲೆ ಚಳಿಕೋಟು ಹಾಕಿಕೊಂಡು ನಿಂತಿದ್ದಳು.

"ಆರ್ವೊ, ನನ್ನ ಕೈಯಾರೆ ಅನಾಹುತ ಮಾಡಿಬಿಟ್ಟೆ. ನಿನ್ನ ಮನೆ ಅಂತ ನನ್ನ ಮನೆ ಕಿತ್ತಾಕ್ತಿದಾರೆ."

"ಅಲ್ಲ ಅಂತ ಹೇಳ್ಬೇಕಿತ್ತು."

"ಹೇಳ್ದೆ. ನಾಚಿಕೊಳ್ಬೇಡಿ, ಇದು ನಿಮ್ಮ ಹಕ್ಕು ಅಂತ ನನ್ನ ತಬ್ಬಿಕೊಂಡ್ರು."

ಆರ್ವೊ ಷರಾಯಿ ಏರಿಸಿಕೊಂಡು ಕುಂಟುತ್ತಾ ಹೋದ. ಸಂಸ್ಥೆಯ ಮುಖ್ಯಸ್ಥೆ ಜೋಲೀನ್ ಎಂಬ ಎತ್ತರದ ಹೆಂಗಸು ಅವನ ಕೈಯನ್ನು ತನ್ನೆರಡೂ ಕೈಯಲ್ಲಿ ಹಿಡಿದು ಕುಲುಕಿದಳು.

"ನಿಸ್ಕಲ ಸಾರ್, ದೇಶಕ್ಕೆ ನೀವು ಮಾಡಿರೋ ಸೇವೆಗೆ ಧನ್ಯವಾದ."

"ಇರ್ಲಮ್ಮ. ಮನೆ ಇದಲ್ಲ."

"ಅಂದ್ರೆ?"

"ನನ್ನ ಮನೆ ಆ ಕಡೇದು. ಹದಿನಾರು. ನೀಲಿ ಟಾರ್ಪಾಲ್ ಹೊದ್ದಿಸಿದೆಯಲ್ಲ, ಅದು."

ಜೋಲೀನ್ ಕೈಯಲ್ಲಿದ್ದ ಕಾಗದ ನೋಡಿದಳು, ಟಾರ್ಪಾಲು ನೋಡಿದಳು, ಮತ್ತೆ ಕಾಗದ ನೋಡಿದಳು. ಅಷ್ಟರಲ್ಲಿ ಮೇಲಿನಿಂದ ಹಿಲ್ಮಾಳ ಚಾವಣಿಯ ಒಂದು ಮಗ್ಗುಲು ಮೈಮುರಿದುಕೊಂಡು ಅಂಗಳಕ್ಕೆ ಬಿತ್ತು. ಜೋಲೀನ್ ಅವನನ್ನು ಲಾರಿಯ ಮರೆಗೆ ಕರೆದುಕೊಂಡು ಹೋಗಿ ದನಿ ತಗ್ಗಿಸಿದಳು.

"ಸಾರ್, ಇದ್ದದ್ದು ಇದ್ದ ಹಾಗೆ ಹೇಳ್ತೀನಿ. ಜಿಲ್ಲೆಯ ಕೌಂಟಿ ಕಚೇರಿಯಿಂದ ಪರವಾನಗಿ ಬಂದಿರೋದು ಹದಿನಾಲ್ಕಕ್ಕೆ. ಕಿಟಕಿಗಳು ಹದಿನಾಲ್ಕರ ಅಳತೆಗೇ ಮಾಡಿಸಿರೋದು. ನಿಮ್ಮ ಮನೆ ಮೇಲೆ ನಾನು ಒಂದೇ ಒಂದು ಮೊಳೆ ಹೊಡೆದ್ರೂ ನಮ್ಮ ಸಂಸ್ಥೆ ಬಾಗಿಲು ಹಾಕಿಸ್ತಾರೆ."

"ಹಾಗಾದ್ರೆ ನಿಲ್ಸಿಬಿಡಿ."

"ಹ್ಯಾಗೆ ನಿಲ್ಸೋದು? ಆ ಯಮ್ಮನ ಅರ್ಧ ಮನೆ ಕೆಳಗೆ ಬಿದ್ದಾಯ್ತು."

ಅದು ನಿಜ. ಹಿಲ್ಮಾ ತನ್ನ ಹೂಕುಂಡಗಳ ನಡುವೆ ನಿಂತು ಬಾಯಿಗೆ ಕೈ ಅಡ್ಡ ಹಿಡಿದು ಅಳುತ್ತಿದ್ದಳು. ಅವಳ ಗಂಡ ಒನ್ನಿ ಅಂಚೆ ಕಚೇರಿಯಲ್ಲಿದ್ದವನು. ಸೈನ್ಯದ ಕಡೆ ತಲೆ ಹಾಕಿಯೂ ಮಲಗಿದವನಲ್ಲ. ಅವನು ತೀರಿಕೊಂಡು ಏಳು ವರ್ಷ. ಈಗ ಕೆಲಸ ಬಿಟ್ಟು ಹೋದರೆ ಇನ್ನು ಆರು ವಾರಕ್ಕೆ ಬೀಳುವ ಹಿಮ ನೇರವಾಗಿ ಅವಳ ಹಾಸಿಗೆಯ ಮೇಲೆ ಬೀಳುತ್ತದೆ.

"ಹನ್ನೊಂದಕ್ಕೆ ಟೀವಿಯೋರು ಬರ್ತಾರೆ, ನೇರಪ್ರಸಾರ" ಎಂದಳು ಜೋಲೀನ್. "ದುಡ್ಡು ಕೊಟ್ಟೋರೆಲ್ಲ ನೋಡ್ತಿರ್ತಾರೆ. ಇವತ್ತೊಂದು ದಿನ ನೀವು ಹದಿನಾಲ್ಕರಲ್ಲೇ ಇರೋದು ಅಂತ ಇಟ್ಕೊಳ್ಳಿ. ಮುಂದಿನ ವರ್ಷ ನಾನೇ ನಿಂತು ನಿಮ್ಮ ಮನೆ ಮಾಡಿಸಿಕೊಡ್ತೀನಿ."

ಆರ್ವೊ ಹಿಲ್ಮಾಳ ಕಡೆ ನೋಡಿದ. ಅವಳು ಕಣ್ಣೊರೆಸಿಕೊಂಡು ಅವನ ಕಡೆಯೇ ನೋಡುತ್ತಿದ್ದಳು. ಒಂದು ದಿನ ತಾನೇ, ಎಂದುಕೊಂಡ.

ಆಮೇಲೆ ಅವನಿಗೆ ಹೊಸ ಟೋಪಿ ತೊಡಿಸಿ, ಹಿಲ್ಮಾಳ ಅಂಗಳದ ನಟ್ಟನಡುವೆ ಮಡಚುವ ಕುರ್ಚಿ ಹಾಕಿ ಕೂರಿಸಿದರು. ಆರತಿಗೆ ಕೂತ ಮದುಮಗನ ಹಾಗೆ ಅವನು ಕೂತ. ಹಳದಿ ಅಂಗಿಯವರು ಸರತಿಯಲ್ಲಿ ಬಂದು ಕೈಕುಲುಕಿ ಧನ್ಯವಾದ ಹೇಳಿ ಹೋದರು. ಯಾವುದೋ ವಿಮೆ ಕಚೇರಿಯ ಗುಮಾಸ್ತರಂತೆ ಅವರೆಲ್ಲ. ಸುತ್ತಿಗೆಯನ್ನು ಫೋನು ಹಿಡಿದ ಹಾಗೆ ಹಿಡಿದಿದ್ದರು.

ಎಮಿಲ್ ತನ್ನ ಜಗಲಿಯಿಂದ ಕೂಗಿದ. "ಲೋ ಆರ್ವೊ, ಒಳ್ಳೆ ಮನೆ ಹೊಡ್ಕೊಂಡೆ ಕಣೋ. ಒಳಗಿರೋ ಯಜಮಾನಿನೂ ಅದರ ಜೊತೇಗೇ ಬರ್ತಾಳಾ?"

"ನಿನ್ನ ಬಾಯಿಗೆ ಒಂದು ಚಾವಣಿ ಹಾಕ್ಸ್ಕೋ, ಎಮಿಲ್."

"ಅರ್ಜಿ ಹಾಕೋಣ ಅಂದ್ರೆ ನಾನು ಯುದ್ಧಕ್ಕೆ ಹೋಗ್ಲಿಲ್ವಲ್ಲೋ. ಚಪ್ಪಟೆ ಪಾದ ಅಂತ ವಾಪಸ್ ಕಳಿಸಿದ್ರು. ಆ ಪಾದದ ಪುಣ್ಯ, ನನ್ನ ಮನೆ ಸೋರ್ತಾ ಇಲ್ಲ."

ಆ ಮಾತು ತಮಾಷೆಯದೇ. ಆದರೂ ಆರ್ವೊಗೆ ಒಳಗೆಲ್ಲೋ ಚುಚ್ಚಿತು.

ಹನ್ನೊಂದಕ್ಕೆ ಸರಿಯಾಗಿ ಟೀವಿಯವಳು ಬಂದಳು. ಹಿಲ್ಮಾಳ ಬೆಕ್ಕು ಕ್ಯಾಮೆರಾದವನ ಕಾಲಿಗೆ ಮೈ ಉಜ್ಜುತ್ತಿತ್ತು. ಹೊರಗೆ ಸುತ್ತಿಗೆಗಳ ಗಲಾಟೆ, ಒಳಗೆ ಮಾತಾಡೋಣ ಎಂದಳು ಟೀವಿಯವಳು. ಯೋಧರು ಮಲಗುವ ಕೋಣೆ ತೋರಿಸಬೇಕಂತೆ. ಆರ್ವೊ ಆ ಮನೆಯ ಅಡಿಗೆಮನೆ ದಾಟಿ ಒಳಗೆ ಹೋದವನೇ ಅಲ್ಲ. ಮೊದಲು ಒಂದು ಬಾಗಿಲು ತೆರೆದ, ಅದು ಪೊರಕೆ ಇಡುವ ಗೂಡು. ಎರಡನೆಯದು ಕೋಣೆ. ಗುಲಾಬಿ ಬಣ್ಣದ ಹೊದಿಕೆ, ಜಾಲರಿ ಕಟ್ಟಿದ ದಿಂಬು, ಗೋಡೆಯುದ್ದಕ್ಕೂ ಗಾಜಿನ ಕಪಾಟಿನಲ್ಲಿ ಅರವತ್ತು ಪಿಂಗಾಣಿ ಗೊಂಬೆಗಳು.

ಟೀವಿಯವಳು ಮೆಲ್ಲಗೆ ಕೇಳಿದಳು. "ಇವು ನಿಮ್ಮವಾ?"

ಆರ್ವೊ ಗೊಂಬೆಗಳನ್ನು ನೋಡಿದ. ಅರವತ್ತೂ ಅವನನ್ನು ನೋಡಿದವು.

"ಮನೇಲಿ ಇವೆ" ಎಂದ. ಅದು ಸುಳ್ಳಲ್ಲ.

"ಯುದ್ಧದಿಂದ ಬಂದೋರಿಗೆ ಇಂಥ ಮೃದುವಾದ ವಸ್ತುಗಳು ಎಷ್ಟು ಸಮಾಧಾನ ಕೊಡ್ತವೆ" ಎಂದು ಅವಳು ಕ್ಯಾಮೆರಾಕ್ಕೆ ಹೇಳಿದಳು. ಆಮೇಲೆ ಮಂಚದ ಪಕ್ಕದ ಚಿತ್ರವನ್ನು ಎತ್ತಿಕೊಂಡಳು. ಅದು ಒನ್ನಿಯದು. ಹಸಿರು ಕೋಟು, ಕೈಯಲ್ಲಿ ಬಂದೂಕು. ಅವನು ಹೊಡೆದ ಜಿಂಕೆ ಚೌಕಟ್ಟಿನಿಂದಾಚೆ ಉಳಿದುಹೋಗಿತ್ತು.

"ಇವರು ನಿಮ್ಮ ಜೊತೆ ಇದ್ದೋರಾ ಸಾರ್?"

"ಒನ್ನಿ. ಹೌದು, ಜೊತೇಲೇ ಹೋಗ್ತಿದ್ವಿ."

"ಈಗ ಎಲ್ಲಿದ್ದಾರೆ?"

"ಇಲ್ಲ. ಎದೆಗೆ ಬಂತು. ಒಂದೇ ಏಟು. ನನ್ನ ಕಣ್ಣೆದುರಿಗೇ ಬಿದ್ದ."

ಹೃದಯಾಘಾತ, ಬೌಲಿಂಗ್ ಆಟದಲ್ಲಿ ಚೆಂಡು ಉರುಳಿಸುತ್ತಿದ್ದಾಗ ಎಂದು ಸೇರಿಸಬೇಕೆಂದಿದ್ದ. ಅಷ್ಟರಲ್ಲಿ ಅವಳು ಕಣ್ಣು ಮುಚ್ಚಿ ಅವನ ತೋಳಿನ ಮೇಲೆ ಕೈಯಿಟ್ಟಿದ್ದಳು. ಬಾಗಿಲ ಸಂದಿಯಲ್ಲಿ ನಿಂತಿದ್ದ ಹಿಲ್ಮಾ ಬೇರೆ ಕಡೆ ತಿರುಗಿಕೊಂಡಳು.

"ಆ ಯುದ್ಧದಲ್ಲಿ ನಿಮಗೆ ಇವತ್ತಿಗೂ ಮರೆಯೋಕಾಗದ ದಿನ ಯಾವುದು ಸಾರ್?"

ಆರ್ವೊ ಸೈನ್ಯದಲ್ಲಿ ಬ್ರೆಡ್ಡು ಸುಡುತ್ತಿದ್ದವನು. ಹದಿನಾಲ್ಕು ತಿಂಗಳು, ದಿನಕ್ಕೆ ಎರಡು ಸಾವಿರ ಬ್ರೆಡ್ಡು. ಬಂದೂಕು ಹಾರಿಸಿದ್ದು ತರಬೇತಿಯಲ್ಲಿ ಮಾತ್ರ. ಅಲ್ಲಿ ರೂಬೆನ್ ಸಲ್ಸಿದೊ ಎಂಬ ಹುಡುಗ ದಿನಾ ಬೆಳಗಾಗುವ ಮೊದಲು ಬಿಸಿ ಬ್ರೆಡ್ಡಿನ ತುದಿ ತಿನ್ನಲು ಬಂದು ಒಲೆಯ ಪಕ್ಕ ಕೂರುತ್ತಿದ್ದ. ಒಂದು ಬೆಳಿಗ್ಗೆ ರಾಕೆಟ್ಟೊಂದು ಉಗ್ರಾಣದ ಮೇಲೆ ಬಿತ್ತು. ಮೈದಾ ಮೂಟೆಗಳೆಲ್ಲ ಸಿಡಿದು ಅರ್ಧ ಗಂಟೆ ಬಿಳಿಯ ಹುಡಿ ಉದುರುತ್ತಲೇ ಇತ್ತು, ಈ ಊರಿನ ಮೊದಲ ಹಿಮದಂತೆ. ಆರ್ವೊ ರೂಬೆನ್ನನ ಮುಖದ ಮೇಲಿನ ಹಿಟ್ಟನ್ನು ಕೈಯಿಂದ ಸವರಿ ಸವರಿ ತೆಗೆದಿದ್ದ. ತೆಗೆದಷ್ಟೂ ಮತ್ತೆ ಬೀಳುತ್ತಿತ್ತು. ಇದನ್ನು ಅವನು ಐವತ್ತಾರು ವರ್ಷದಲ್ಲಿ ಒಬ್ಬರಿಗೂ ಹೇಳಿರಲಿಲ್ಲ.

"ಸೆಖೆ ಜಾಸ್ತಿ" ಎಂದ. "ಹಿಟ್ಟು ಹುದುಗಿಸೋ ಈಸ್ಟ್ ಕೆಟ್ಟುಹೋಗ್ತಿತ್ತು."

ಅವಳು ಇನ್ನೂ ಕಾಯುತ್ತಿದ್ದಳು. ಆರ್ವೊ ಕಿಟಕಿಯ ಕಡೆ ಮುಖ ತಿರುಗಿಸಿದ. ಆಗ ಕಂಡಿತು. ಹಳದಿ ಅಂಗಿಯವರು ಇಬ್ಬಿಬ್ಬರಾಗಿ ಅವನ ಹಿತ್ತಿಲಿನಿಂದ ಪ್ಲೈವುಡ್ ಹಲಗೆಗಳನ್ನು ಹೊತ್ತುಕೊಂಡು ಬರುತ್ತಿದ್ದರು. ಒಂದು. ಎರಡು. ಮೂರು. ಶವಯಾತ್ರೆಯಷ್ಟು ಶಿಸ್ತಿನಿಂದ ಅವು ಹಿಲ್ಮಾಳ ಚಾವಣಿಗೆ ಏರುತ್ತಿದ್ದವು. ಕೂಗೋಣವೆಂದರೆ ನೇರಪ್ರಸಾರ. ಆರ್ವೊನ ಕಣ್ಣು ತುಂಬಿಬಂತು. ರೂಬೆನ್ನನಿಗಾಗಿಯೋ ಹಲಗೆಗಾಗಿಯೋ ಅವನಿಗೇ ಗೊತ್ತಾಗಲಿಲ್ಲ.

"ಕೆಲವು ನೆನಪುಗಳಿಗೆ ಮಾತೇ ಇಲ್ಲ" ಎಂದಳು ಟೀವಿಯವಳು ಕ್ಯಾಮೆರಾಕ್ಕೆ.

ಕ್ಯಾಮೆರಾ ಆರಿದ ಕೂಡಲೇ ಆರ್ವೊ ಮಂಡಿ ಹಿಡಿದುಕೊಂಡು ಓಡಿದ. ಹಿತ್ತಿಲಲ್ಲಿ ಹಲಗೆ ಮುಚ್ಚಿದ್ದ ಹೊದಿಕೆ ಮಾತ್ರ, ಚೆನ್ನಾಗಿ ಮಡಚಿ ಇಟ್ಟಿತ್ತು.

"ನಮ್ಮದು ಹದಿನೆಂಟು ಹಲಗೆ ಕಮ್ಮಿ ಬಿತ್ತು" ಎಂದ ಒಬ್ಬ ಗುಮಾಸ್ತ, ಏಣಿಯ ಮೇಲಿಂದ. "ಅದೃಷ್ಟಕ್ಕೆ ಪಕ್ಕದಲ್ಲೇ ಇದ್ವು. ಯಾರೋ ದಾನ ಕೊಟ್ಟು ಇಳಿಸಿ ಹೋಗಿರ್ಬೇಕು."

"ಅವು ನನ್ನವು."

"ಅಯ್ಯೋ ಸಾರ್, ನಿಮ್ಮ ಮನೆಗೆ ನೀವೇ ದಾನ ಕೊಟ್ರಾ? ದೊಡ್ಡ ಮನಸ್ಸು ನಿಮ್ಮದು."

ಜೋಲೀನ್ ಬಂದು ತಲೆ ಚಚ್ಚಿಕೊಂಡಳು. ಹೊಡೆದ ಮೊಳೆ ಕಿತ್ತರೆ ಹಲಗೆ ಹಾಳು, ಬಿಟ್ಟರೆ ಇವನು ಹಾಳು. ಕೊನೆಗೆ ಅವನ ಹೆಸರನ್ನು ದಾನಿಗಳ ಪಟ್ಟಿಗೆ ಸೇರಿಸಿ, ಅದರ ಕೆಳಗೆ ಗೆರೆ ಎಳೆದಳು. ಮಧ್ಯಾಹ್ನ ಒಂದು ಗಂಟೆಗೆ ಅವಳು ಇನ್ನೊಂದು ಊರಿನಲ್ಲಿ ಇನ್ನೊಬ್ಬ ಯೋಧನಿಗೆ ಬೀಗದಕೈ ಒಪ್ಪಿಸಬೇಕಾಗಿತ್ತು. "ಟ್ರೆಂಟ್ ನೋಡ್ಕೋತಾನೆ" ಎಂದು ಹೇಳಿ, ಕಾರು ಹತ್ತಿ ಹೋದಳು. ಟ್ರೆಂಟ್ ಎಂಬುವನು ನಲವತ್ತೈದರ ಆಸುಪಾಸಿನ, ಶಿಸ್ತಿನ ಮನುಷ್ಯ. ಅವನ ಕೈಯಲ್ಲಿ ಕ್ಲಿಪ್ಪು ಹಾಕಿದ ಕಾಗದಗಳ ದೊಡ್ಡ ಕಟ್ಟು. ಆ ಕಟ್ಟಿನಲ್ಲಿ ಎಲ್ಲವೂ ಇತ್ತು, ಯಾವ ಮನೆ ಯಾರದು ಎಂಬುದೊಂದನ್ನು ಬಿಟ್ಟು. ಅದನ್ನು ಅವನಿಗೆ ಹೇಳಲು ಜೋಲೀನ್ ಮರೆತಿದ್ದಳು.

ಊಟಕ್ಕೆ ಚರ್ಚಿನ ಹೆಂಗಸರು ಮಾಂಸದ ಕಡುಬು ತಂದಿದ್ದರು. ಮೇಜು ಹಾಕಿದ್ದು ಆರ್ವೊನ ಅಂಗಳದಲ್ಲಿ, ಹಿಲ್ಮಾಳ ಹುಲ್ಲು ಕೆಡಬಾರದು ಎಂದು. ಕಸ ಸುರಿದದ್ದೂ ಅಲ್ಲೇ. ಹಿಲ್ಮಾಳ ಹಳೆಯ ಚಾವಣಿ, ಹಳೆಯ ಕಿಟಕಿಗಳು, ಹಳೆಯ ಒಲೆ, ಕಾಲು ಮುರಿದ ಸೋಫಾ, ಎಲ್ಲವೂ ಆರ್ವೊನ ಮೆಟ್ಟಿಲಿನವರೆಗೂ ಗುಡ್ಡೆಯಾಗಿ ನಿಂತವು. ನಾಳೆ ಲಾರಿ ಬರುತ್ತದೆ ಎಂದರು. ಆ ನೀಲಿ ಟಾರ್ಪಾಲನ್ನೂ ಯಾರೋ ಎಳೆದುಕೊಂಡು ಹೋಗಿ ಕಸದ ಗುಡ್ಡೆಗೆ ಹೊದಿಸಿದ್ದರು.

"ಯುದ್ಧ ಸೋತ ದೇಶದ ಥರ ಕಾಣ್ತಿದೆ ಕಣೋ ನಿನ್ನ ಮನೆ" ಎಂದ ಎಮಿಲ್, ಎರಡನೇ ಕಡುಬು ತಿನ್ನುತ್ತಾ.

ಹಿಲ್ಮಾಳ ಅಳು ಹತ್ತು ಗಂಟೆಗೇ ನಿಂತಿತ್ತು. ಹನ್ನೆರಡಕ್ಕೆ ಅವಳು ಕೂದಲು ಬಾಚಿಕೊಂಡು ಬಂದು, ಗೋಡೆಗೆ ಕೆನೆಬಣ್ಣ ಬೇಡ, ತಿಳಿಹಸಿರು ಇರಲಿ ಎಂದಿದ್ದಳು. ಎರಡಕ್ಕೆ ಒಲೆ ಎಡಗಡೆ ಬೇಡ, ಬಲಗಡೆ ಎಂದಳು. ಆರ್ವೊ ನೀರು ಕುಡಿಯಲು ಒಳಗೆ ಕಾಲಿಟ್ಟಾಗ ಅವನ ಬೂಟಿನ ಕಡೆ ನೋಡಿದಳು.

"ಆರ್ವೊ, ಬೇಜಾರು ಮಾಡ್ಕೋಬೇಡ. ಈಗಷ್ಟೇ ನೆಲ ಹಾಕಿದಾರೆ. ಹಿಂದುಗಡೆಯಿಂದ ಬಾ."

"ಇವತ್ತು ಇದು ನನ್ನ ಮನೆ ಹಿಲ್ಮಾ."

ಅವನು ತಮಾಷೆಗೆ ಹೇಳಿದ್ದ. ಹಿಲ್ಮಾ ನಗಲಿಲ್ಲ. ಕೈಯಲ್ಲಿದ್ದ ಬಟ್ಟೆಯಿಂದ ಹೊಸ ಕಿಟಕಿಯ ಅಂಚನ್ನು ಒರೆಸುತ್ತಾ, "ಒನ್ನಿ ಇದ್ದಿದ್ರೆ ಎಷ್ಟು ಖುಷಿ ಪಡ್ತಿದ್ದ" ಎಂದಳು. ಮತ್ತೆ ಕಣ್ಣು ತುಂಬಿಕೊಂಡಳು. ಅವಳಿಗೆ ಬಯ್ಯಲೂ ಬಾರದೆ, ಆರ್ವೊ ಹಿಂದುಗಡೆಯಿಂದ ಹೋಗಿ ನಲ್ಲಿಯಲ್ಲಿ ನೀರು ಕುಡಿದ.

ನಾಲ್ಕು ಗಂಟೆಗೆ ಕೆಲಸ ಮುಗಿಯಿತು. ಹದಿನಾಲ್ಕನೇ ನಂಬರು ಕ್ಯಾಲೆಂಡರಿನ ಚಿತ್ರದಂತೆ ನಿಂತಿತ್ತು. ನಲವತ್ತು ಜನರ ನಡುವೆ ಆರ್ವೊನನ್ನು ನಿಲ್ಲಿಸಿ ಫೋಟೋ ತೆಗೆದರು. ಫೋಟೋದವನು ಮೂರು ಸಲ ಎಲ್ಲರನ್ನೂ ಎಡಕ್ಕೆ ಸರಿಸಿದ. ಎಷ್ಟು ಸರಿಸಿದರೂ ಹದಿನಾರನೇ ನಂಬರು ಮೂಲೆಯಲ್ಲಿ ಇಣುಕುತ್ತಿತ್ತು.

ಎಲ್ಲರೂ ಸಾಮಾನು ಕಟ್ಟುತ್ತಿರುವಾಗ ಟ್ರೆಂಟ್ ಬಂದು ಪಕ್ಕದಲ್ಲಿ ಕೂತ. ಕಾಗದದ ಕಟ್ಟು ಬಿಚ್ಚಿದ. ಕೆಲಸ ಒಪ್ಪಿಕೊಂಡದ್ದಕ್ಕೆ ಒಂದು ರುಜು, ಫೋಟೋಗೆ ಒಂದು, ಕಿಟಕಿಯ ಖಾತರಿಗೆ ಒಂದು. ಕನ್ನಡಕ ಮನೆಯಲ್ಲಿತ್ತು. ಟ್ರೆಂಟ್ ಬೆರಳಿಟ್ಟು ತೋರಿಸಿದ ಕಡೆಯೆಲ್ಲ ಆರ್ವೊ ರುಜು ಹಾಕಿದ. ಕೊನೆಯ ಕಾಗದ ತೆಗೆಯುವ ಮುಂಚೆ ಟ್ರೆಂಟ್ ದನಿ ತಗ್ಗಿಸಿದ.

"ಸಾರ್, ಆ ಪಕ್ಕದ ಮನೆ ವಿಷಯ. ಬೆಳಿಗ್ಗೆಯಿಂದ ನೋಡ್ತಾನೇ ಇದೀನಿ, ನೀವು ಪದೇ ಪದೇ ಆ ಕಡೇನೇ ನೋಡ್ತಿದೀರಿ. ಅದಕ್ಕೂ ಏನಾದ್ರೂ ಮಾಡ್ಲೇಬೇಕಲ್ವಾ?"

ಆರ್ವೊ ತಿರುಗಿ ಕೂತ. ದಿನವಿಡೀ ಮೊದಲ ಸಲ ಒಬ್ಬ ಮನುಷ್ಯ ತಾನಾಗಿ ಆ ಮಾತು ಎತ್ತಿದ್ದ.

"ಮಾಡ್ಲೇಬೇಕು" ಎಂದ. "ಎರಡು ವರ್ಷದಿಂದ ಅದೇ ಚಿಂತೆ ನನಗೆ."

"ಚಾವಣಿ ಪೂರ್ತಿ ಹೋಗಿದೆ."

"ಪೂರ್ತಿ. ಈ ಚಳಿಗಾಲ ತಡೆಯಲ್ಲ."

"ಹಿಮ ಬಿದ್ರೆ ಕುಸಿದುಬಿಡುತ್ತೆ. ಅಪಾಯ ತಾನೇ?"

"ಅಪಾಯವೇ ಮತ್ತೆ. ರಾತ್ರಿ ನಿದ್ದೆ ಬರಲ್ಲ ನನಗೆ."

ಟ್ರೆಂಟ್‌ನ ಮುಖದಲ್ಲಿ ನಿಜವಾದ ಕನಿಕರವಿತ್ತು. "ದೇಶಕ್ಕೆ ಅಷ್ಟು ಮಾಡಿದೋರು ನಿದ್ದೆಗೆಡಬಾರದು ಸಾರ್. ಇದಕ್ಕೊಂದು ರುಜು ಹಾಕಿ. ಪರವಾನಗಿ ನೋಡೋಕೆ ಕೌಂಟಿಯ ಅಧಿಕಾರಿ ಐದು ಗಂಟೆಗೆ ಬರ್ತಾರೆ, ಅವರ ಕೈಯಲ್ಲೇ ಕೊಡ್ತೀನಿ. ಬೇರೆಯೋರದಾದ್ರೆ ತಿಂಗಳುಗಟ್ಟಲೆ ಎಳೀತಾರೆ. ಯೋಧರದು ಅಂದ್ರೆ ಇವತ್ತೇ ಆಗುತ್ತೆ."

"ಇವತ್ತೇನಾ?"

"ಇವತ್ತೇ."

ಆರ್ವೊ ಆ ರುಜುವನ್ನು ಉಳಿದವುಗಳಿಗಿಂತ ದೊಡ್ಡದಾಗಿ, ಪೂರ್ತಿ ಹೆಸರು ಬರೆದು ಹಾಕಿದ. ಟ್ರೆಂಟ್‌ನ ಕೈಯನ್ನು ಎರಡು ಸಲ ಕುಲುಕಿದ. ಬೆಳಿಗ್ಗೆಯಿಂದ ಮನುಷ್ಯರ ಮೇಲೆ ಬಂದಿದ್ದ ಬೇಸರವೆಲ್ಲ ಒಂದೇ ಸಲಕ್ಕೆ ಇಳಿದುಹೋಯಿತು. ಹಲಗೆ ಹೋದರೆ ಹೋಗಲಿ. ಇಂಥವನೊಬ್ಬ ಇದ್ದರೆ ಸಾಕು.

ಕಸದ ಗುಡ್ಡೆಯ ಪಕ್ಕದಿಂದ ತೂರಿಕೊಂಡು ತನ್ನ ಮನೆ ಸೇರಿದ. ಕಾಫಿಗೆ ನೀರಿಟ್ಟ. ಇನ್ನು ಬೇಕಾಗುವುದಿಲ್ಲವಲ್ಲ ಎಂದು ಎರಡೂ ಬಕೆಟ್ಟುಗಳನ್ನು ಖಾಲಿ ಮಾಡಿ, ಒರೆಸಿ, ಒಂದರೊಳಗೆ ಒಂದಿಟ್ಟ. ಬರುವ ಅಧಿಕಾರಿಗೆ ಕೊಡೋಣವೆಂದು ಏಲಕ್ಕಿ ಬ್ರೆಡ್ಡು ಹೋಳು ಮಾಡಿದ. ಕನ್ನಡಕ ಹಾಕಿಕೊಂಡು, ಕೂದಲಿಗೆ ನೀರು ಹಚ್ಚಿ ಬಾಚಿಕೊಂಡ.

ಐದೂಕಾಲು ಗಂಟೆಗೆ ಮೆಟ್ಟಿಲ ಮೇಲೆ ಬೂಟಿನ ಸದ್ದಾಯಿತು. ಆಮೇಲೆ ಬಾಗಿಲಿಗೆ ಸುತ್ತಿಗೆಯ ಪೆಟ್ಟು. ಆರ್ವೊ ನಗುಮುಖದಲ್ಲಿ ಬಾಗಿಲು ತೆರೆದ. ಹೊರಗೆ ಕೌಂಟಿಯ ಅಧಿಕಾರಿ ಪೆಂಗೆಲಿ, ಐವತ್ತು ಮೈಲಿ ಆಚೆಯ ಪಟ್ಟಣದವನು, ಬಾಯಲ್ಲಿ ಎರಡು ಮೊಳೆ ಕಚ್ಚಿಕೊಂಡು ನಿಂತಿದ್ದ. ಕೈಯಲ್ಲಿ ಕೆಂಪು ಕಾಗದ. ಅವನು ಬೆಚ್ಚಿ ಹಿಂದೆ ಸರಿದ.

"ನಿಸ್ಕಲ ಸಾರ್, ನೀವು ಇದರೊಳಗೆ ಏನ್ಮಾಡ್ತಿದೀರಿ? ಮೊದಲು ಹೊರಗೆ ಬನ್ನಿ. ಬಿದ್ದುಗಿದ್ದೀತು."

"ಏನದು ಕಾಗದ?"

"ನೀವು ಕೊಟ್ಟಿದ್ದಕ್ಕೇ ಸಾರ್. ನೋಡಿ, ಕಾಲು ಗಂಟೇಲಿ ಕೆಲಸ ಆಗಿದೆ. ಟೀವೀಲಿ ನಿಮ್ಮನ್ನ ನೋಡಿ ನಮ್ಮ ಕಚೇರಿ ಪೂರ್ತಿ ಅತ್ತುಬಿಟ್ಟಿದೆ. ನೀವು ದೂರು ಕೊಟ್ಟು ನಾವು ಸುಮ್ಮನಿರ್ತೀವಾ?"

ಆರ್ವೊ ಕಾಗದ ಇಸಿದುಕೊಂಡು ಓದಿದ. ಹದಿನಾರು, ಕಿವಿ ಬೀದಿ. ವಾಸಕ್ಕೆ ಯೋಗ್ಯವಲ್ಲ. ಇಂದಿನಿಂದ ಇದರೊಳಗೆ ಯಾರೂ ವಾಸಿಸತಕ್ಕದ್ದಲ್ಲ. ಮೂವತ್ತು ದಿನದಲ್ಲಿ ದುರಸ್ತಿಯಾಗದಿದ್ದರೆ ಕೆಡವಲಾಗುವುದು. ದೂರುದಾರರು: ಆರ್ವೊ ನಿಸ್ಕಲ, ಮಾಜಿ ಸೈನಿಕ, ಹದಿನಾಲ್ಕು, ಕಿವಿ ಬೀದಿ. ಅದರ ಕೆಳಗೆ ಅವನದೇ ರುಜು. ನಿಜಕ್ಕೂ ಚೆನ್ನಾಗಿ ಬಂದಿತ್ತು.

ಒಳಗೆ ಕಾಫಿ ನೀರು ಕುದಿದು ಉಕ್ಕುವ ಸದ್ದು ಕೇಳಿಸುತ್ತಿತ್ತು.

"ಇದನ್ನ ವಾಪಸ್ ತಗೋಬೇಕು" ಎಂದ ಆರ್ವೊ.

"ತಗೋಬಹುದಲ್ಲ, ಅದಕ್ಕೇನು. ಹದಿನಾಲ್ಕರ ನಿವಾಸಿ ಅಂತ ಸೋಮವಾರ ಬಂದು ಬರ್ಕೊಟ್ರೆ ಆಯ್ತು."

"ನಾನು ಹದಿನಾಲ್ಕರಲ್ಲಿ ಇಲ್ಲ. ನಾನು ಇರೋದು..." ಎಂದು ಹೇಳಹೊರಟವನು ನಿಂತ.

ಪೆಂಗೆಲಿ ಬಾಯಿಂದ ಮೊಳೆ ತೆಗೆದ. ಮುಖದ ಮೇಲಿನ ಮೃದುತನ ಸ್ವಲ್ಪ ಕಡಿಮೆಯಾಯಿತು. "ಅಂದ್ರೆ ಹೇಗೆ ಸಾರ್? ಈಗಷ್ಟೇ ನಾನು ಆ ಮನೆಗೆ ಸಹಿ ಹಾಕಿ ಬಂದೆ. ಯೋಧರ ಮನೆ ಅಂತ ಪರವಾನಗಿ ಶುಲ್ಕ ಬಿಟ್ಟಿದೀವಿ. ಯೋಧರ ಮನೆ ಅಂತ ಜನ ದುಡ್ಡು ಕೊಟ್ಟಿದಾರೆ. ಅದು ನಿಮ್ಮದಲ್ಲ ಅಂದ್ರೆ ನಾನು ಅದನ್ನ ಬರೀಲೇಬೇಕಾಗುತ್ತೆ. ಆಮೇಲೆ ಒಳಗಿರೋ ಆ ಯಮ್ಮನ್ನ ಕರೆಸಿ ಕೇಳ್ತಾರೆ. ಅರ್ಜಿ ಬರೆದಿರೋದೂ ಅವರೇ ಅಲ್ವಾ?"

ಆರ್ವೊ ಪಕ್ಕದ ಮನೆಯ ಕಡೆ ನೋಡಿದ. ಹಿಲ್ಮಾ ಹೊಸ ಅಡಿಗೆಮನೆಯಲ್ಲಿ ದೀಪ ಹಾಕಿದ್ದಳು. ಹೊಸ ಕಿಟಕಿ ತೆರೆದು, ಮುಚ್ಚಿ, ಮತ್ತೆ ತೆರೆದು ನೋಡುತ್ತಿದ್ದಳು. ಇವರಿಬ್ಬರನ್ನೂ ಕಂಡು ಕೈ ಬೀಸಿದಳು. ಅವಳಿಗೆ ಎಪ್ಪತ್ತೊಂದು ವರ್ಷ. ಇಷ್ಟು ವರ್ಷದಲ್ಲಿ ಗ್ರಂಥಾಲಯದ ಪುಸ್ತಕ ಕೂಡ ತಡವಾಗಿ ಹಿಂತಿರುಗಿಸಿದವಳಲ್ಲ.

"ಹೇಳಿ ಸಾರ್" ಎಂದ ಪೆಂಗೆಲಿ. "ನೀವು ವಾಸ ಇರೋದು ಎಲ್ಲಿ?"

ಎಮಿಲ್ ಎದುರಿನ ಜಗಲಿಯಲ್ಲಿ ಕಡುಬು ತಿನ್ನುವುದನ್ನು ನಿಲ್ಲಿಸಿದ್ದ. ಒಮ್ಮೆ ಬಾಯಿ ತೆರೆದ. ಅಷ್ಟು ವರ್ಷದಲ್ಲಿ ಮೊದಲ ಸಲ ಏನೂ ಹೇಳದೆ ಮುಚ್ಚಿದ.

"ಹದಿನಾಲ್ಕು" ಎಂದ ಆರ್ವೊ.

"ಅದೇ ಮತ್ತೆ. ದಣಿದಿದೀರಿ ಪಾಪ, ಬೆಳಿಗ್ಗೆಯಿಂದ ಜನ." ಪೆಂಗೆಲಿಯ ಮುಖ ಅರಳಿತು. "ವಾಪಸ್ ತಗೊಳ್ಳೋದೆಲ್ಲ ಬೇಡ ಸಾರ್. ಸೋಮವಾರ ಬೇರೆಯೋರು ಬಂದು ನೋಡ್ತಾರೆ, ಖಾಲಿ ಮನೆ ಆದ್ರೆ ಮೂವತ್ತು ದಿನಾನೂ ಕಾಯಲ್ಲ. ಈ ಮೂಲೆ ಸ್ವಲ್ಪ ಹಿಡ್ಕೊಳ್ತೀರಾ, ಗಾಳಿಗೆ ಹಾರ್ತಿದೆ."

ಆರ್ವೊ ಮೂಲೆ ಹಿಡಿದುಕೊಂಡ. ಪೆಂಗೆಲಿ ಎರಡು ಮೊಳೆ ಹೊಡೆದ, ಒಂದು ಹೆಜ್ಜೆ ಹಿಂದೆ ಸರಿದು ಕಾಗದ ನೆಟ್ಟಗಿದೆಯೇ ಎಂದು ನೋಡಿದ. ಆಮೇಲೆ ತೆರೆದ ಬಾಗಿಲಿನಿಂದ ಒಳಗೆ ಇಣುಕಿದ. ಮೇಜು ಕಂಡಿತು, ಎರಡು ಲೋಟ, ತಟ್ಟೆಯಲ್ಲಿ ಹೋಳು ಮಾಡಿದ ಬ್ರೆಡ್ಡು.

"ಯಾರೋ ಇದ್ದ ಹಾಗಿದೆಯಲ್ಲ ಸಾರ್. ಯಾರು ಅಂತ ನಿಮಗೇನಾದ್ರೂ ಗೊತ್ತಾ?"

"ಒಬ್ಬ ಪೆದ್ದ ಇದ್ದ" ಎಂದ ಆರ್ವೊ. "ಯಾರು ಏನು ಕಾಗದ ಕೊಟ್ರೂ ರುಜು ಹಾಕಿಬಿಡೋನು."